ಮಂಗಟ್ಟೆ ಗೂಡಿನ ಗುಟ್ಟು – ೭: ಐದು ಕೊಡಗಳ ಹಿಂದೆ

"ಅಕ್ಕಾರ, ವೈಫೈ ಡಬ್ಬಿಗೆ ಇಬತ್ತಿ ಯಾಕ ಹಚ್ಚೀರಿ?"

ವಿದ್ಯಾವತಿ ಹಲ್ಲು ಕಚ್ಚಿ ಕೇಳಿದಳು. ದೇವರ ಕೋಣೆಯ ಬಾಗಿಲ ಪಕ್ಕ ಹೂಬತ್ತಿ ಹೊಸೆಯುತ್ತ ಕುಳಿತಿದ್ದ ಹೋಂಸ್ಟೇಯ ಯಜಮಾನಿ ಮಹಾದೇವಕ್ಕ ತಲೆ ಕೂಡ ಎತ್ತಲಿಲ್ಲ.

"ಹಚ್ಚಬಾರದೇನ? ಬುಕಿಂಗೆಲ್ಲ ಅದರಾಗಿಂದನ ಬರ್ತಾವ ಅಂತ ಸೊಸಿ ಅಂತಾಳ. ಉಣ್ಣಾಕ ಹಾಕೂದಕ್ಕ ಕೈ ಮುಗೀಬೇಕಲ್ಲ ತಂಗಿ."

ದೇವರ ಜಗಲಿಯ ಹಿಂದೆ, ಗೋಡೆಯ ಮಾಡದಲ್ಲಿ ರೌಟರು ಕುಳಿತಿತ್ತು. ಮೈಮೇಲೆ ಮೂರು ಬೆರಳಿನ ವಿಭೂತಿ. ಎರಡು ಕೊಂಬುಗಳಿಗೂ ಒಂದೊಂದು ಕಣಗಿಲ ಹೂ. ಊದಿನಕಡ್ಡಿಯ ಮಸಿ ಕೂತು ಗಾಳಿಯಾಡುವ ಸಂದುಗಳೆಲ್ಲ ಮುಚ್ಚಿಹೋಗಿದ್ದವು. ಮುಟ್ಟಿದರೆ ಜ್ವರ ಬಂದವರ ಹಣೆಯಂತೆ ಸುಡುತ್ತಿತ್ತು.

ಹಳಿಯಾಳದ ಬಸ್‌ಸ್ಟ್ಯಾಂಡಿನ ಹಿಂದೆ ಒಂದೇ ಬಾಗಿಲಿನ ಅಂಗಡಿ ಇಟ್ಟುಕೊಂಡು ಹತ್ತು ವರ್ಷದಿಂದ ಊರೂರಿಗೆ ವೈಫೈ ಕೂಡಿಸುತ್ತಿದ್ದ ವಿದ್ಯಾವತಿ, ರೌಟರನ್ನು ಅಟ್ಟದ ಮೇಲೆ ಕಂಡಿದ್ದಳು. ಹಿಟ್ಟಿನ ಡಬ್ಬಿಯ ಹಿಂದೆ ಕಂಡಿದ್ದಳು. ಒಮ್ಮೆ ಕೋಳಿ ಕಾವಿಗೆ ಕೂತ ಬುಟ್ಟಿಯ ಪಕ್ಕದಲ್ಲೂ ಕಂಡಿದ್ದಳು. ಇದೊಂದು ಬಾಕಿ ಇತ್ತು.

ಅಜ್ಜಿ ಹೇಳುವ ಕತೆಯಲ್ಲಾದರೆ ರಾಕ್ಷಸನ ಜೀವ ಏಳು ಕೋಟೆಯಾಚೆ, ಗಿಳಿಯ ಎದೆಯೊಳಗೆ ಇರುತ್ತದೆ. ಅಂಗಳದಲ್ಲಿ ಕೂಡಿಸಿದ್ದ ಬಾಳೇಶನ ಜೀವ ಈ ಮಸಿ ಹಿಡಿದ ಡಬ್ಬಿಯಲ್ಲಿತ್ತು. ನಾಲ್ಕು ಗಂಟೆ ಹೊಡೆಯುವುದರೊಳಗೆ ಅದನ್ನು ಬಿಡಿಸದಿದ್ದರೆ ಅರಣ್ಯ ಇಲಾಖೆಯ ಜೀಪು ಅವನನ್ನು ಹತ್ತಿಸಿಕೊಂಡು ಕೋರ್ಟಿಗೆ ಹೊರಡಲಿತ್ತು.

ಆಗಲೇ ಎರಡೂ ಹತ್ತು.

ಗಣೇಶಗುಡಿಯ ಮೇಲಿನ ಕಾಡಿನಲ್ಲಿ ಮಂಗಟ್ಟೆ ಹಕ್ಕಿಯ ಗೂಡೊಡೆದು ಮರಿ ಕದ್ದದ್ದು ಬುಧವಾರ. ಆ ಮರದ ಚಿತ್ರ, ಜಾಗದ ಗುರುತಿನ ಸಮೇತ, ಕಳ್ಳರ ಕಡೆಯವನೊಬ್ಬನ ಫೋನಿಗೆ ಹೋದದ್ದು ಸೋಮವಾರ ಬೆಳಿಗ್ಗೆ ಹನ್ನೊಂದು ಗಂಟೆ ಹನ್ನೆರಡು ನಿಮಿಷಕ್ಕೆ, ಇದೇ ಮನೆಯ ವೈಫೈ ಮೂಲಕ. ಆ ಹೊತ್ತಿನಲ್ಲಿ ರೌಟರಿನ ಪಟ್ಟಿಯಲ್ಲಿದ್ದ ಒಂದು ಹೆಸರು ಬಾಳೇಶ. ಆ ಗೂಡನ್ನು ಕಾಯುತ್ತಿದ್ದ ದಿನಗೂಲಿ ಕಾವಲುಗಾರನ ಹೆಸರೂ ಅದೇ.

ಮಂಗಟ್ಟೆಯ ಹೆಣ್ಣು ಮರದ ಪೊಟರೆಯೊಳಗೆ ಹೊಕ್ಕು ಬಾಗಿಲು ಮೆತ್ತಿಕೊಳ್ಳುತ್ತದೆ. ಗಂಡು ಹಣ್ಣು ತಂದು ಸಂದಿನಿಂದ ತುತ್ತು ಕೊಡುತ್ತದೆ. ಒಡೆದ ಪೊಟರೆಯ ಮುಂದೆ ಇವತ್ತು ಬೆಳಿಗ್ಗೆಯೂ ಗಂಡು ಹಕ್ಕಿ ಅತ್ತಿಹಣ್ಣು ಕಚ್ಚಿಕೊಂಡು ಕಾದಿತ್ತಂತೆ.

"ಏನ್ರಿ ಮೇಡಂ, ಡಬ್ಬಿ ಏನಾರ ಮಾತಾಡ್ತೇನು?" ಪಡಸಾಲೆಯ ತೂಗುಮಣೆಯ ಮೇಲಿಂದ ತನಿಖಾಧಿಕಾರಿ ಕರಿಬಸಪ್ಪ ಕೂಗಿದ. "ನಾ ಸುಮ್ನ ಹೇಳಾಕತ್ತಿಲ್ಲ. ವೈಫೈ ಕಂಪನಿಯವರು ಬರದ ಕೊಟ್ಟಾರ, ಇದ ಮನಿ ಅಂತ."

"ಮನಿ ಅಂತ ಕೊಟ್ಟಾರ ಸಾಹೇಬ್ರ. ಮನಶಾರು ಯಾರಂತ ಕೊಟ್ಟಿಲ್ಲ."

"ಎರಡೂ ಒಂದ ಅಲ್ಲೇನ್ರಿ?"

ವಿದ್ಯಾವತಿ ಕಣ್ಣು ಮುಚ್ಚಿ ತೆರೆದಳು. ಬೆಳಿಗ್ಗೆಯಿಂದ ಇದನ್ನು ನಾಲ್ಕನೇ ಸಲ ಹೇಳುತ್ತಿದ್ದಳು.

"ಅಲ್ರಿ. ನೆಟ್ ಬ್ಯಾರೆ, ವೈಫೈ ಬ್ಯಾರೆ. ನೆಟ್ ಹೊರಗಿನ ರಸ್ತೆ, ಆ ಕರೀ ವಾಯರಿನ್ಯಾಗ ಬರ್ತೈತಿ. ವೈಫೈ ಅಂದ್ರ ಈ ಡಬ್ಬಿಯಿಂದ ಮನಿಯೊಳಗ ಗಾಳ್ಯಾಗ ಹಾಕಿದ ಓಣಿ. ಓಣ್ಯಾಗ ಹತ್ತು ಮಂದಿ ಅಡ್ಡಾಡಿದ್ರೂ ರಸ್ತೆಗೆ ಬೀಳೂದು ಒಂದ ಬಾಗಿಲದಿಂದ. ಕಂಪನಿಗೆ ಆ ಬಾಗಿಲಷ್ಟ ಕಾಣ್ತೈತಿ. ಯಾರು ಹೊರಗ ಬಂದ್ರು ಅಂತ ಕೇಳಬೇಕಾದ್ರ ಡಬ್ಬೀನ್ನ ಕೇಳಬೇಕು."

"ಕೇಳೇವಲ್ಲ. ಬಾಳೇಶ ಅಂತ ಹೇಳೇತಲ್ಲ." ಕರಿಬಸಪ್ಪ ಫೋನು ತೆಗೆದು, ತನ್ನ ಸಿಬ್ಬಂದಿ ತೆಗೆದಿದ್ದ ಫೋಟೊ ತೋರಿಸಿದ. "ಮೂರು ದಿನ ಟ್ರೇನಿಂಗ್ ತಗೊಂಡೇನ್ರಿ ನಾನೂ."

ಫೋಟೊದಲ್ಲಿ ಪಟ್ಟಿಯ ಎಡಭಾಗ ಮಾತ್ರ ಬಂದಿತ್ತು. ಹೆಸರುಗಳಿದ್ದವು: ಸುಮಿತಾ, ಪಡಸಾಲೆಯ ಟಿವಿ, ಹೋಂಸ್ಟೇಯ ಜೀಪು ಓಡಿಸುವ ಈರೇಶ, ಇಬ್ಬರು ಅತಿಥಿಗಳು, ಬಾಳೇಶ. ಹೆಸರಿನ ಮುಂದಿರಬೇಕಾಗಿದ್ದ ಅಂಕಿಗಳ ಮೇಲೆ ಯಾರದೋ ಹೆಬ್ಬೆರಳು ಕೂತಿತ್ತು.

"ಸಾಹೇಬ್ರ, ಬೇಕಾಗಿದ್ದನ್ನ ಬೊಟ್ಟಿನಿಂದ ಮುಚ್ಚೀರಿ."

ಅಂಗಳದಲ್ಲಿ ಇಬ್ಬರು ಗಾರ್ಡುಗಳ ನಡುವೆ ಬಾಳೇಶ ಮಂಡಿ ಕಟ್ಟಿಕೊಂಡು ಕುಳಿತಿದ್ದ. ಇಪ್ಪತ್ತೈದರ ಗಟ್ಟಿಮುಟ್ಟು ಆಳು. ಗೂಡು ಒಡೆದಾಗಿನಿಂದ ಎರಡು ಮಾತಿಗಿಂತ ಹೆಚ್ಚು ಆಡಿರಲಿಲ್ಲ. ಸೋಮವಾರ ಜ್ವರ ಬಂದು ಬೆಳಗಿನಿಂದ ಮಧ್ಯಾಹ್ನದ ತನಕ ಹಿಂದಿನ ಶೆಡ್ಡಿನಲ್ಲಿ ಮಲಗಿದ್ದೆ, ಫೋನು ತಲೆದೆಸೆಯಲ್ಲಿತ್ತು, ಇಷ್ಟೇ ಅವನ ಮಾತು. ಅವನ ಪರವಾಗಿ ಮಾತಾಡಿದವಳು ಅಕ್ಕ ಮಾಲವ್ವ ಒಬ್ಬಳೇ. ಇದೇ ಮನೆಯ ಅಡುಗೆಯವಳು, ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಇವತ್ತು ಮೊದಲ ಬಸ್ಸಿಗೆ ಹಳಿಯಾಳಕ್ಕೆ ಬಂದು, ವಿದ್ಯಾವತಿಯ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ಅತ್ತು, ಅವಳನ್ನು ಎಳೆದುಕೊಂಡೇ ಬಂದಿದ್ದಳು.

"ಮಾಲವ್ವ ಎಲ್ಲಿ?" ಎಂದು ಕೇಳಿದಳು ವಿದ್ಯಾವತಿ.

"ಹಾಲು ತರಾಕ ಗಣೇಶಗುಡಿಗೆ ಹೋಗ್ಯಾಳ," ಎಂದಳು ಮಹಾದೇವಕ್ಕ. "ಸಾಹೇಬ್ರಿಗೆ ಚಾ ಬ್ಯಾಡೇನು?"

"ಬೇಕ್ರಿ," ಎಂದ ಕರಿಬಸಪ್ಪ.

ವಿದ್ಯಾವತಿ ಲ್ಯಾಪ್‌ಟಾಪು ತೆರೆದು ರೌಟರಿನ ಒಳಗೆ ಹೋಗಲು ಗುಪ್ತಪದ ಕೇಳಿದಳು. ಸೊಸೆ ಸುಮಿತಾ ಅಡುಗೆಮನೆಯ ಕ್ಯಾಲೆಂಡರಿನತ್ತ ಬೊಟ್ಟು ತೋರಿಸಿದಳು. ಕ್ಯಾಲೆಂಡರಿನ ಮೇಲೆ ಕೆಂಪು ಪೆನ್ನಿನಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿತ್ತು.

"ವೈಫೈ ಹಿಡಿಯೂದೂ ಇದ, ಡಬ್ಬಿ ಒಳಗ ಹೋಗೂದೂ ಇದ?"

"ಹೂನ್ರಿ. ಎರಡೆರಡು ಯಾರ ನೆನಪಿಡಬೇಕು?"

"ಹಂಗಾದ್ರ ಇದು ಗುಪ್ತ ಹೆಂಗವಾ? ಗ್ಯಾಸ್ ತರೂವಾಗ, ಹಾಲು ಹಾಕೂವಾಗ, ಎಲ್ಲಾರೂ ಓದಿರ್ತಾರ."

"ಬಂದವ್ರೆಲ್ಲ ಕೇಳ್ತಿದ್ರು. ಸಾಕಾಗಿ ಬರದ ಹಚ್ಚಿದೆ." ಸುಮಿತಾಳ ಧ್ವನಿಯಲ್ಲೂ ಬೇಸರ ತುಂಬಿತ್ತು. "ನನ್ನ ತಲಿನೋವು ಯಾರಿಗೆ ಗೊತ್ತೈತ್ರಿ? ಸೋಮವಾರ ಬಂದ್ರ ಹಿಂದಿನ ರೂಮಿನವರು ಹರಕೊಂಡು ತಿಂತಾರ. ಪ್ರತಿ ಸೋಮವಾರ ಹನ್ನೊಂದರ ಸುಮಾರಕ್ಕ ಹಿಂದ ನೆಟ್ ಬರಂಗಿಲ್ಲ. ಹನ್ನೆರಡರ ಮ್ಯಾಲ ತಾನ ಬರ್ತೈತಿ. ನಾಕು ಸಲ ಕಂಪ್ಲೇಂಟ್ ಕೊಟ್ಟೇನಿ."

ವಿದ್ಯಾವತಿಯ ಬೆರಳು ಕೀಲಿಯ ಮೇಲೆ ನಿಂತಿತು.

"ಸೋಮವಾರಷ್ಟ?"

"ಸೋಮವಾರಷ್ಟ."

"ಸೋಮವಾರ ಈ ಕೋಣ್ಯಾಗ ಏನು ನಡೀತೈತಿ?"

"ಏನು ನಡೀತೈತಿ, ಶಿವನ ಪೂಜಿ," ಎಂದಳು ಮಹಾದೇವಕ್ಕ, ಇಷ್ಟೂ ತಿಳಿಯದವಳೇ ಎನ್ನುವಂತೆ. "ಐದು ಕೊಡ ಹೊಳಿ ನೀರು ತಂದು ಜಗಲಿ ಮುಂದ ಇಡ್ತೇನಿ. ಪೂಜಿ ಆಗೂತನಕ ಅಲುಗಸಂಗಿಲ್ಲ. ಹನ್ನೆರಡಕ್ಕ ಗಿಡಕ್ಕ ಹಾಕ್ತೇನಿ."

"ಯಾವ ಕೊಡ?"

ಮೂಲೆಯಲ್ಲಿ ಬೋರಲು ಹಾಕಿದ್ದವು. ಹಿತ್ತಾಳೆಯವು. ಒಂದೊಂದೂ ಎಳೆಗರುವಿನಷ್ಟು ದಪ್ಪ.

ವಿದ್ಯಾವತಿಗೆ ನಗು ಬಂತೋ ಅಳು ಬಂತೋ ತಿಳಿಯಲಿಲ್ಲ. "ಅಕ್ಕಾರ, ಅವನ್ನ ತುಂಬ್ರಿ."

"ಇವತ್ತ ಶುಕ್ರವಾರ!"

"ಶಿವ ಏನೂ ಅನ್ನಂಗಿಲ್ಲ. ಒಬ್ಬ ಹುಡುಗ ಜೈಲಿಗೆ ಹೊಂಟಾನ."

"ನೀ ಸ್ನಾನ ಮಾಡೀಯೇನು?"

"ಮುಂಜಾನೆ ಐದಕ್ಕ ಮಾಡೇನಿ!"

ಮೊದಲು ಕೊಡಗಳಿಲ್ಲದೆ ನೋಡಬೇಕಿತ್ತು. ಬಾಳೇಶನ ಫೋನು ಸಾಕ್ಷಿಯ ಲಕೋಟೆಯಲ್ಲಿತ್ತು. ಅದನ್ನು ಬೇರೆಯವರ ಕೈಗೆ ಕೊಡಲು ಕರಿಬಸಪ್ಪ ಒಪ್ಪಲಿಲ್ಲ. ಹಾಗಾಗಿ ತಾನೇ ಅದನ್ನು ಹೊತ್ತಿಸಿ, ದೀಪದ ಹಾಗೆ ಎರಡೂ ಕೈಯಲ್ಲಿ ಹಿಡಿದು, ಮೂವತ್ತು ಹೆಜ್ಜೆ ಆಚೆಯ ಶೆಡ್ಡಿಗೆ ನಡೆದ.

"ಸಿಗ್ನಲ್ ಎರಡು ಕಡ್ಡಿ ಅದಾವು!" ಅಲ್ಲಿಂದ ಕೂಗು ಬಂತು.

ಸುಮಿತಾ ಮತ್ತು ಮಹಾದೇವಕ್ಕ ಒಂದೊಂದೇ ಕೊಡ ತುಂಬಿ ತಂದಿಟ್ಟರು. ಮೂರನೆಯದಕ್ಕೆ ಶೆಡ್ಡಿನಿಂದ "ಒಂದಾತು!" ಎಂದು ಕೇಳಿಸಿತು. ಐದನೆಯದು ಸಾಲಿನಲ್ಲಿ ಕೂತಿತು.

"ಹೋತ್ರಿ! ಒಂದೂ ಇಲ್ಲ!"

ರೌಟರಿನ ಅಲೆಯನ್ನು ಹಿತ್ತಾಳೆ ಹಿಂದಕ್ಕೆ ತಳ್ಳುತ್ತಿತ್ತು. ಸಂದಿನಲ್ಲಿ ನುಸುಳಿದಷ್ಟನ್ನು ನೀರು ಕುಡಿದುಬಿಡುತ್ತಿತ್ತು. ಕೊಡಗಳು ನಿಂತದ್ದು ಶೆಡ್ಡಿನ ದಿಕ್ಕಿಗೆ. ಇತ್ತ ಪಡಸಾಲೆಯಲ್ಲಿ, ಅಡುಗೆಮನೆಯಲ್ಲಿ ಸಿಗ್ನಲ್ಲು ಎಂದಿನಂತೆ ತುಂಬಿಕೊಂಡಿತ್ತು. ನಾಲ್ಕು ಸಲ ದೂರು ಕೇಳಿಸಿಕೊಂಡ ಕಂಪನಿಯವರು ಪಾಪ, ಪ್ರತಿ ಸಲ ಮಂಗಳವಾರ ಬಂದು, ಎಲ್ಲ ಸರಿ ಇದೆ ಎಂದು ಹೋಗಿದ್ದರು.

ವಿದ್ಯಾವತಿ ಎದ್ದು ನಿಂತಳು. "ನೋಡಿದ್ರಿ ಸಾಹೇಬ್ರ? ಸೋಮವಾರ ಹನ್ನೊಂದೂ ಹನ್ನೆರಡಕ್ಕ ಶೆಡ್ಡಿನ್ಯಾಗ ಇದ್ದ ಫೋನಿಗೆ ಈ ವೈಫೈ ಸಿಗಾಕ ಸಾಧ್ಯನ ಇಲ್ಲ."

ಕರಿಬಸಪ್ಪ ಅಂಗಳ ದಾಟಿ ಬಂದ. ಮುಖದಲ್ಲಿ ಮದುವೆಗೆ ಹೊರಟವನ ಕಳೆ.

"ಭಾಳ ಉಪಕಾರ ಆತ್ರಿ ಮೇಡಂ. ಫೋನು ಶೆಡ್ಡಿನ್ಯಾಗ ಇದ್ರ ಸಿಗಂಗಿಲ್ಲ. ಆದ್ರ ಪಟ್ಟ್ಯಾಗ ಬಾಳೇಶ ಅಂತ ಐತಿ. ಹಂಗಾದ್ರ ಮಗ ಶೆಡ್ಡಿನ್ಯಾಗ ಇರಲೇ ಇಲ್ಲ. ಜ್ವರಾನೂ ಸುಳ್ಳು, ನಿದ್ದೀನೂ ಸುಳ್ಳು. ಅಡಿಗಿಮನ್ಯಾಗ ಅಕ್ಕನ ಮುಂದ ರೊಟ್ಟಿ ತಿನಕೋಂತ ಫೋಟೊ ಕಳಿಸ್ಯಾನ."

ಮಹಾದೇವಕ್ಕ ಕೈಯಲ್ಲಿದ್ದ ಹೂಬತ್ತಿ ಕೆಳಗಿಟ್ಟಳು. "ಏ ತಂಗಿ, ಹುಡುಗನ್ನ ಉಳಸಾಕ ಬಂದೀಯೋ, ಮುಳುಗಸಾಕ ಬಂದೀಯೋ?"

ತನ್ನ ಮೇಲೆಯೇ ವಿದ್ಯಾವತಿಗೆ ಸಿಟ್ಟು ಬಂದಿತ್ತು. ಎರಡೂ ಐವತ್ತು. ಹೊರಗೆ ಈರೇಶ ಇಲಾಖೆಯ ಜೀಪಿನ ಚಾಲಕನಿಗೆ ದಾರಿಯ ಗುಂಡಿಗಳ ಲೆಕ್ಕ ಒಪ್ಪಿಸುತ್ತಿದ್ದ.

ಅವಳು ಮತ್ತೆ ಪರದೆಗೆ ಬಾಗಿದಳು. ಕರಿಬಸಪ್ಪ ಫೋನು ಹಿಡಿದು ಪಡಸಾಲೆಗೆ ಬಂದದ್ದೇ ತಡ, ಅದು ಮನೆಯ ವೈಫೈ ಹಿಡಿದಿತ್ತು. ಪಟ್ಟಿಯಲ್ಲಿ ಬಾಳೇಶ ಎಂಬ ಹೆಸರು ಹೊಸದಾಗಿ ಮೂಡಿತ್ತು. ಈ ಸಲ ಹೆಸರಿನ ಮುಂದೆ ಯಾರ ಹೆಬ್ಬೆರಳೂ ಇರಲಿಲ್ಲ. ಹನ್ನೆರಡು ಅಕ್ಷರ, ಅಂಕಿಗಳ ಸಾಲು. ಕೊನೆಗೆ ನಾಲ್ಕು ಮತ್ತು ಎ.

ಅವಳು ಸೋಮವಾರದ ದಾಖಲೆಗೆ ಹಿಂದೆ ಸರಿದಳು. ಹನ್ನೊಂದೂ ಹನ್ನೆರಡು. ಬಾಳೇಶ. ಕೊನೆಗೆ ಒಂಬತ್ತು ಮತ್ತು ಸಿ.

ಎರಡು ಸಲ ಓದಿದಳು. ಮೂರನೆಯ ಸಲ ಬೆರಳಿಟ್ಟು ಓದಿದಳು.

"ಸಾಹೇಬ್ರ, ಬರ್ರಿ ಇಲ್ಲೆ."

"ಚಾ ಬಂತೇನು?"

"ಚಾ ಬಿಡ್ರಿ! ಹೆಸರು ಅಂಬೂದು ನಾವು ಫೋನಿಗೆ ಇಡೂದು. ಯಾರು ಬೇಕಾದ್ರೂ ಏನು ಬೇಕಾದ್ರೂ ಇಡಬಹುದು. ಡಬ್ಬಿ ಗುರುತು ಹಿಡಿಯೂದು ಈ ನಂಬರಿನಿಂದ. ಈಗ ನಿಮ್ಮ ಕೈಯಾಗ ಇರೂ ಫೋನು ನಾಕು ಎ. ಸೋಮವಾರ ಬಂದಿದ್ದು ಒಂಬತ್ತು ಸಿ."

ಕರಿಬಸಪ್ಪ ಕನ್ನಡಕ ಏರಿಸಿದ. ಟ್ರೇನಿಂಗು ವ್ಯರ್ಥವಾಗಿರಲಿಲ್ಲ. "ಈಗಿನ ಫೋನು ನಂಬರ್ ಬದಲಸ್ತಾವ್ರಿ. ಸುಳ್ಳು ನಂಬರ್ ಹೇಳ್ತಾವು. ನಮಗೂ ಹೇಳಿಕೊಟ್ಟಾರ."

"ಹೌದ್ರಿ, ಹೇಳ್ತಾವು. ಆದ್ರ ಸಾಮಾನ್ಯ ಒಂದು ಮನಿಗೆ ಒಂದ ಸುಳ್ಳು. ಅದನ್ನ ಗಟ್ಟ್ಯಾಗಿ ಹಿಡದಿರ್ತಾವು." ಅವಳು ದಾಖಲೆಯನ್ನು ಮೇಲಕ್ಕೆ, ಕೆಳಕ್ಕೆ ಓಡಿಸಿದಳು. "ನೋಡ್ರಿ. ಐತವಾರ ನಾಕು ಎ. ಮಂಗಳವಾರ ನಾಕು ಎ. ಸೋಮವಾರ ಮುಂಜಾನೆ ಏಳರಿಂದ ನಾಕು ಎ, ಎರಡು ಕಡ್ಡಿ ಜೋರಿಗೆ. ಅಂದ್ರ ಎಲ್ಲಿಂದ?"

"…ಶೆಡ್ಡಿನಿಂದ."

"ಹತ್ತೂ ಐವತ್ತೆರಡಕ್ಕ ಕಡೀತು. ಹನ್ನೆರಡೂ ಐದಕ್ಕ ಮತ್ತ ಹಚ್ಚಿಗೊಂತು. ಅಕ್ಕಾರ, ಅವತ್ತ ಕೊಡ ಎಷ್ಟೊತ್ತಿಗೆ ಇಟ್ರಿ?"

"ಹನ್ನೊಂದು ಆಗೂದಕ್ಕ ಸ್ವಲ್ಪ ಮೊದಲ," ಎಂದಳು ಮಹಾದೇವಕ್ಕ. ಅವಳ ಧ್ವನಿ ತಗ್ಗಿತ್ತು.

"ಕೊಡ ಇಟ್ಟ ಕೂಡಲೆ ಕಡೀತು, ತಗದ ಕೂಡಲೆ ಬಂತು. ಬಾಳೇಶ ಹೇಳಿದ್ದು ಖರೆ. ಅವನೂ ಅವನ ಫೋನೂ ಶೆಡ್ಡಿನ್ಯಾಗ ಬಿದ್ದಿದ್ವು. ಹನ್ನೊಂದೂ ಹನ್ನೆರಡಕ್ಕ ಇತ್ತ ಕಡೆ, ಪಡಸಾಲ್ಯಾಗೋ ಅಡಿಗಿಮನ್ಯಾಗೋ, ಇನ್ನೊಂದು ಫೋನು ಇತ್ತು. ಅದರ ಹೆಸರೂ ಬಾಳೇಶ."

ಕರಿಬಸಪ್ಪ ಕೈಯಲ್ಲಿದ್ದ ಫೋನನ್ನು, ಅದು ಈಗಷ್ಟೇ ತನ್ನನ್ನು ಬೈದಂತೆ, ದಿಟ್ಟಿಸಿ ನೋಡಿದ. ಆಮೇಲೆ ಗಾರ್ಡುಗಳಿಗೆ ಕೈ ಮಾಡಿದ. ಅವರು ಬಾಳೇಶನನ್ನು ಒಳಗೆ ಕರೆತಂದರು.

ಬಿಡುಗಡೆಯ ಸುದ್ದಿ ಕೇಳಿದವನ ಮುಖ ಅರಳಬೇಕಿತ್ತು. ವಿದ್ಯಾವತಿ ಎಲ್ಲವನ್ನೂ ಬಿಡಿಸಿ ಹೇಳಿದಂತೆಲ್ಲ ಬಾಳೇಶನ ಮುಖ ಬೂದಿಯಾಗುತ್ತ ಹೋಯಿತು.

"ನಿನ್ನವು ಫೋನು ಎಷ್ಟು?" ಅವಳು ಕೇಳಿದಳು.

"ಒಂದ ಮೇಡಂ."

"ಇದಕ್ಕಿಂತ ಮೊದಲು?"

"ಹಳೇದಿತ್ತು."

"ಅದೆಲ್ಲಿ?"

"ಹೊಳ್ಯಾಗ ಬಿತ್ತು."

"ಯಾವಾಗ?"

"ದೀಪಾವಳಿ ಹೊತ್ತಿಗೆ."

"ಹೊಳ್ಯಾಗ ಬಿದ್ದ ಫೋನು ಸೋಮವಾರ ಎದ್ದು ಬಂದು ವೈಫೈ ಹಿಡದೈತಿ. ಮೊಸಳಿ ತಂದು ಕೊಡ್ತೇನು?"

ಒಬ್ಬ ಗಾರ್ಡು ನಗು ತಡೆಯಲಾರದೆ ಕೆಮ್ಮಿದ. ಬಾಳೇಶ ನೆಲ ನೋಡುತ್ತಿದ್ದ.

"ಬಾಳೇಶ, ಫೋನು ಹೊಸದು ತಗೊಂಡ ಮ್ಯಾಲ ಹಳೇದನ್ನ ಯಾರಿಗಾರ ಕೊಡ್ತೀವಿ. ಹೆಸರು ಬದಲಸೂದು ಯಾರಿಗೂ ನೆನಪಿರಂಗಿಲ್ಲ. ನೀ ಯಾರಿಗೆ ಕೊಟ್ಟಿ?"

"ಯಾರಿಗೂ ಇಲ್ರಿ."

"ಈರೇಶಗೇನು?"

"ಇಲ್ರಿ."

"ಗೆಸ್ಟಿಗೆ ಮಾರಿದಿ?"

"ಇಲ್ರಿ ಮೇಡಂ. ಬಿಡ್ರಿ ಇದನ್ನ." ಅವನು ಕರಿಬಸಪ್ಪನತ್ತ ತಿರುಗಿದ. "ಸಾಹೇಬ್ರ, ನಾನ ಕಳಿಸೇನಿ ಅಂತ ಬರಕೊಳ್ರಿ. ಸಹಿ ಹಾಕ್ತೇನಿ. ಹೊಂಡೂಣು ನಡೀರಿ."

ವಿದ್ಯಾವತಿಯ ತಾಳ್ಮೆ ಹರಿಯಿತು.

"ಹುಚ್ಚಾ! ಬೆಳಿಗ್ಗಿಂದ ಮಸಿ ತಿಂದು, ಎಲ್ಲಾರ ಕಡೆ ಬೈಸಿಕೊಂಡು ನಿನ್ನ ಎತ್ತಿ ದಂಡಿಗೆ ಹಾಕೇನಿ. ನೀ ಹೊಳ್ಳಿ ನೀರಿಗೆ ಜಿಗೀತೀಯಲ್ಲ! ಆ ಮರಾ ಯಾರು ಕಾದ್ರು? ಮೂರು ವರ್ಷ ಮಳ್ಯಾಗ, ಜಿಗಣಿ ಕಚ್ಚಿಸಿಕೊಂಡು ನೀ ಕಾದಿ. ಅದನ್ನ ಮಾರಿದವರನ್ನ ಮುಚ್ಚಿಡ್ತೀಯೇನು?"

ಬಾಳೇಶ ಕೈ ಮುಗಿದ. "ಅವರಿಗೆ ಗೊತ್ತಿರಂಗಿಲ್ಲ ಮೇಡಂ. ಏನು ಕಳಿಸೇನಿ, ಯಾರಿಗೆ ಕಳಿಸೇನಿ ಅಂತ ಗೊತ್ತಿರಂಗಿಲ್ಲ."

"ಯಾರಿಗೆ?"

ಅವನು ಗೋಡೆಯತ್ತ ತಿರುಗಿದ.

ಮಹಾದೇವಕ್ಕನಿಗೆ ಇದರ ನಡುವೆ ತನ್ನದೇ ಚಿಂತೆ. ಶುಕ್ರವಾರ ತುಂಬಿದ ಕೊಡ ಹೆಚ್ಚು ಹೊತ್ತು ಇಡಬಾರದೆಂದು, ಯಾರನ್ನೂ ಕೇಳದೆ ಒಂದೊಂದೇ ಎತ್ತಿ ದಾಸವಾಳದ ಬುಡಕ್ಕೆ ಸುರಿಯತೊಡಗಿದಳು. ವಿದ್ಯಾವತಿ ತಡೆಯಲಿಲ್ಲ. ಡಬ್ಬಿಯ ಸಿಗ್ನಲ್ಲು ಈಗ ಶೆಡ್ಡಿನಾಚೆಯ ಬೇಲಿಯ ತನಕ, ಅದರಾಚೆಯ ಕಾಲುದಾರಿಯ ತನಕ ಮುಟ್ಟುತ್ತಿರಬೇಕು ಎಂದುಕೊಂಡಳು.

"ಸಾಹೇಬ್ರ, ಆ ಫೋನು ಬಂದ್ ಮಾಡಿ ಲಕೋಟಿಗೆ ಹಾಕ್ರಿ. ನಂಬರ್ ಬರಕೋಬೇಕು."

ಕರಿಬಸಪ್ಪ ಬಂದ್ ಮಾಡಿದ. ಪಟ್ಟಿಯಿಂದ ನಾಲ್ಕು ಎ ಅಳಿಸಿಹೋಯಿತು. ವಿದ್ಯಾವತಿ ಪೆನ್ನು ಹುಡುಕಿದಳು. ಸುಮಿತಾ ಪೆನ್ನು ತಂದು ಕೊಟ್ಟಳು. ಅದರಲ್ಲಿ ಮಸಿ ಇರಲಿಲ್ಲ. ಈ ಮನೆಯಲ್ಲಿ ಒಂದಾದರೂ ವಸ್ತು ಕೆಲಸ ಮಾಡುತ್ತದೆಯೇ ಎಂದು ಕೇಳಲು ಅವಳು ತಲೆ ಎತ್ತಿದಳು. ಮತ್ತೆ ಪರದೆ ನೋಡಿದಳು.

ಪಟ್ಟಿಯ ಕೊನೆಯಲ್ಲಿ ಒಂದು ಸಾಲು ಮೂಡಿತ್ತು.

ಬಾಳೇಶ. ಒಂಬತ್ತು ಸಿ.

"ಸಾಹೇಬ್ರ," ಎಂದಳು, ತನಗೇ ಕೇಳದಷ್ಟು ಮೆಲ್ಲಗೆ. "ಫೋನು ಬಂದ್ ಐತೇನ್ರಿ?"

"ಬಂದ್ ಐತಿ. ಇಲ್ಲೆ ಐತಿ. ಯಾಕ್ರಿ?"

"ಅದು ಬಂತು."

ಎಲ್ಲರೂ ಪರದೆಯ ಮುಂದೆ ಗುಂಪಾದರು. ಹೆಸರಿನ ಪಕ್ಕದಲ್ಲಿ ಸಿಗ್ನಲ್ಲಿನ ಅಂಕಿ ಇತ್ತು, ಮುಂದೊಂದು ಗೀಟು ಹಾಕಿಕೊಂಡು. ಎಪ್ಪತ್ತೊಂಬತ್ತು.

"ಅದೇನ್ರಿ ಎಪ್ಪತ್ತೊಂಬತ್ತು?"

"ದೂರ ಐತಿ ಅಂತ. ಅಂಕಿ ಇಳಿದಂಗೆಲ್ಲ ಹತ್ರ."

ಎಪ್ಪತ್ತೊಂಬತ್ತು ನೋಡನೋಡುತ್ತ ಎಪ್ಪತ್ತಮೂರಾಯಿತು.

ವಿದ್ಯಾವತಿ ಸುತ್ತ ಕಣ್ಣು ಹಾಯಿಸಿದಳು. ಸುಮಿತಾ ಇಲ್ಲೇ ಇದ್ದಳು. ಮಹಾದೇವಕ್ಕ ಖಾಲಿ ಕೊಡ ಹಿಡಿದು ಬಾಗಿಲಲ್ಲಿದ್ದಳು. ಕಿಟಕಿಯಾಚೆ ಈರೇಶ ಜೀಪಿನ ಗಾಲಿಗೆ ಒದ್ದು ಗಾಳಿ ನೋಡುತ್ತಿದ್ದ. ಅವನ ಫೋನು ಪಟ್ಟಿಯಲ್ಲಿ ತನ್ನ ಹೆಸರಿನಲ್ಲೇ ಬೇರೆ ಇತ್ತು. ಅತಿಥಿಗಳು ಬೆಳಿಗ್ಗೆಯೇ ಹೋಗಿದ್ದರು.

ಅರವತ್ತಾರು.

"ಬರಾಕತ್ತೈತಿ," ಎಂದ ಕರಿಬಸಪ್ಪ. ಅವನ ಧ್ವನಿಯಲ್ಲಿ ಈಗ ಟ್ರೇನಿಂಗಿನ ಠೀವಿ ಇರಲಿಲ್ಲ. "ಯಾವ ಕಡಿಂದ್ರಿ?"

"ಡಬ್ಬಿ ದಿಕ್ಕು ಹೇಳಂಗಿಲ್ಲ. ದೂರ ಅಷ್ಟ ಹೇಳ್ತೈತಿ."

ಐವತ್ತೆಂಟು.

ಹೊರಗೆ ಕಾಲುದಾರಿಯ ಒಣ ಎಲೆಗಳ ಮೇಲೆ ಚಪ್ಪಲಿಯ ಸದ್ದು ಕೇಳಿಸಿತು. ಅವಸರದ, ಸಣ್ಣ ಹೆಜ್ಜೆಗಳು. ಹಿತ್ತಲ ಗೇಟಿನ ಅಗುಳಿ ಕಿರುಗುಟ್ಟಿತು.

ಐವತ್ತು. ನಲವತ್ನಾಲ್ಕು.

ಗಾರ್ಡುಗಳ ಕೈಯಿಂದ ಬಾಳೇಶ ಬಿಡಿಸಿಕೊಂಡ. ಎರಡು ದಿನದಿಂದ ಪಿಸುಮಾತಿಗಿಂತ ಜೋರಾಗಿ ಮಾತಾಡದವನು ಇಡೀ ಮನೆ ನಡುಗುವಂತೆ ಕೂಗಿದ.

"ಅಕ್ಕಾ! ಒಳಗ ಬರಬ್ಯಾಡ!"

ಹಿತ್ತಲಲ್ಲಿ ಹೆಜ್ಜೆ ನಿಂತಿತು. ಹಾಲಿನ ಪಾತ್ರೆಯೊಂದು ಕಲ್ಲಿನ ಮೇಲೆ ಬಿದ್ದು ಉರುಳಿತು.

ಪರದೆಯ ಮೇಲೆ ನಲವತ್ತೊಂದು. ಒಂದು ಉಸಿರಿನ ಹೊತ್ತು ಅಂಕಿ ಅಲ್ಲೇ ನಿಂತಿತ್ತು.

ಬಳಿಕ ಹಿಂದಕ್ಕೆ ಓಡತೊಡಗಿತು. ಐವತ್ತು. ಅರವತ್ತೆರಡು. ಎಪ್ಪತ್ತೈದು.